ಬೆಳವಣಿಗೆ ಹಾರ್ಮೋನ್ ಚುಚ್ಚಿಸಿಕೊಂಡರೆ 22ರಲ್ಲೂ ಎತ್ತರವಾಗಬಹುದೇ?

ಕಲಬುರಗಿಯ ಜಿಮ್ ಗೆಳೆಯರು ಎತ್ತರಕ್ಕೂ ಮೈಕಟ್ಟಿಗೂ ಇದನ್ನೇ ಸೂಚಿಸಿದ್ದಾರೆ ಎಂದಿದ್ದೀರಿ. ದಯವಿಟ್ಟು ಬೇಡ. ಈ ವಯಸ್ಸಿಗೆ ಮೂಳೆ ತುದಿಯ ಬೆಳವಣಿಗೆ ಫಲಕಗಳು (ಮೂಳೆ ಉದ್ದವಾಗುವ ಮೆದು ಭಾಗಗಳು) ಸಾಮಾನ್ಯವಾಗಿ ಮುಚ್ಚಿಕೊಂಡಿರುತ್ತವೆ; ಆಮೇಲೆ ಎಷ್ಟು ಚುಚ್ಚಿಸಿಕೊಂಡರೂ ಒಂದು ಅಂಗುಲವೂ ಬೆಳೆಯುವುದಿಲ್ಲ. ತೂಕ ಏರಬಹುದು, ಆದರೆ ಅದರಲ್ಲಿ ಹೆಚ್ಚಿನದು ಮೈಯಲ್ಲಿ ನಿಂತ ನೀರು. ಅದಕ್ಕೆ ತಕ್ಕ ಬಲ ಬರುವುದಿಲ್ಲ. ಬೆರಳಿನ ಉಂಗುರ ಬಿಗಿಯಾಗುತ್ತದೆ, ಕೀಲು ನೋಯುತ್ತದೆ, ಜೋಳದ ರೊಟ್ಟಿ ಮುರಿಯುವಾಗಲೂ ಕೈ ಜೋಮು ಹಿಡಿಯಬಹುದು. ರಕ್ತದ ಸಕ್ಕರೆಯೂ ಏರಬಹುದು; ಮನೆತನದಲ್ಲಿ ಮಧುಮೇಹವಿದ್ದರೆ ಅಪಾಯ ಇನ್ನೂ ಹೆಚ್ಚು.

ಆದರೆ ಈ ಹಾರ್ಮೋನ್ ಕೊರತೆಯಿರುವ ಮಕ್ಕಳಿಗೆ ಇದು ನಿಜಕ್ಕೂ ವರದಾನ. ಅಲ್ಲಿಯೂ ಮೂಳೆಯ ಬೆಳವಣಿಗೆ ತಿಳಿಯಲು ಎಡ ಮಣಿಕಟ್ಟಿನ ಎಕ್ಸ್‌ರೇ, ರಕ್ತಪರೀಕ್ಷೆ ನೋಡಿ ವೈದ್ಯರೇ ಬರೆದುಕೊಡಬೇಕು. ನಿಮ್ಮ ಹನ್ನೊಂದು ವರ್ಷದ ತಮ್ಮ ತನ್ನ ತರಗತಿಯಲ್ಲೇ ಗಿಡ್ಡ ಎಂದಿದ್ದೀರಲ್ಲ, ಅವನನ್ನು ಈ ತಿಂಗಳೇ ಮಕ್ಕಳ ತಜ್ಞರಿಗೆ ತೋರಿಸಿ.