ಕಾಂಗರೂ ನಮ್ಮ ಕಡೆ ಯಾಕೆ ಬರಲಿಲ್ಲ?

ಪ್ರಶ್ನೆ: ಸರ್, ಭಾರತ ಮತ್ತು ಆಸ್ಟ್ರೇಲಿಯಾ ಒಂದು ಕಾಲದಲ್ಲಿ ಗೊಂಡ್ವಾನಾ ಎಂಬ ಒಂದೇ ಭೂಖಂಡದಲ್ಲಿದ್ದವು ಅಂತ ಓದಿದ್ದೇನೆ. ಹಾಗಿದ್ದ ಮೇಲೆ ನಮ್ಮ ಪಶ್ಚಿಮ ಘಟ್ಟದಲ್ಲಿ ಹೊಟ್ಟೆಚೀಲದ ಒಂದು ಪ್ರಾಣಿಯಾದರೂ ಯಾಕಿಲ್ಲ?
– ಓದುಗರೊಬ್ಬರು, ಶಿರಸಿ

ಉತ್ತರ: ಗೊಂಡ್ವಾನಾ ಬಗ್ಗೆ ನೀವು ಓದಿದ್ದು ಸರಿಯೇ. ಎಡವಟ್ಟಾಗುತ್ತಿರುವುದು ಕಾಲದ ಲೆಕ್ಕದಲ್ಲಿ. ಅಂಟಾರ್ಕ್ಟಿಕಾ, ಆಸ್ಟ್ರೇಲಿಯಾಗಳಿಂದ ಭಾರತ ಬಿಡಿಸಿಕೊಂಡದ್ದು ಸುಮಾರು 13 ಕೋಟಿ ವರ್ಷಗಳ ಹಿಂದೆ. ಆಗ ಆಸ್ಟ್ರೇಲಿಯಾದಲ್ಲೂ ಕಾಂಗರೂವಿನಂಥ, ಸಾಮಾನ್ಯವಾಗಿ ಹೊಟ್ಟೆಚೀಲವಿರುವ ಸಸ್ತನಿಗಳು, ಅಂದರೆ ಮಾರ್ಸುಪಿಯಲ್‌ಗಳು ಇರಲಿಲ್ಲ! ಕಾಂಗರೂವಿನ ಪೂರ್ವಜರು ಅಲ್ಲಿಗೆ ವಲಸೆ ಬಂದವರು. ಬಂದದ್ದೂ ಭಾರೀ ಸುತ್ತುದಾರಿಯಲ್ಲಿ.

ಮಾರ್ಸುಪಿಯಲ್‌ಗಳ ವಂಶ ಮತ್ತು ನಾವು, ನಾಯಿ, ಆನೆ ಎಲ್ಲ ಸೇರಿದ ಜರಾಯು (ಮಾಸು) ಸಸ್ತನಿಗಳ ವಂಶ ಕವಲೊಡೆದದ್ದು ಸುಮಾರು 16 ಕೋಟಿ ವರ್ಷಗಳ ಹಿಂದೆ. 2003ರಲ್ಲಿ ಚೀನಾದ ಸೈನೋಡೆಲ್ಫಿಸ್ ಎಂಬ 12.5 ಕೋಟಿ ವರ್ಷದ ಪಳೆಯುಳಿಕೆಯನ್ನು ಮಾರ್ಸುಪಿಯಲ್ ಕಡೆಯ ಅತಿ ಹಿರಿಯ ಬಂಧು ಎಂದು ಪ್ರಕಟಿಸಿದ್ದರು. 2018ರಲ್ಲಿ ಅದೇ ಪ್ರದೇಶದ ಇನ್ನೊಂದು ಪಳೆಯುಳಿಕೆಯ ಜೊತೆ ಹೋಲಿಸಿ ನೋಡಿದಾಗ ಅದು ನಮ್ಮ ಕವಲಿನದು ಎಂದಾಯಿತು. ಹಳೆಯ ಪುಸ್ತಕಗಳಲ್ಲಿ, ಯೂಟ್ಯೂಬ್ ವಿಡಿಯೊಗಳಲ್ಲಿ ಆ ಹೆಸರು ಇನ್ನೂ ಓಡಾಡುತ್ತಿದೆ, ಕಂಡರೆ ನಂಬಬೇಡಿ. ಅದನ್ನು ಬಿಟ್ಟರೆ ಮಾರ್ಸುಪಿಯಲ್ ಕವಲಿನ ಹಳೆಯ ಪಳೆಯುಳಿಕೆಗಳು ಸುಮಾರು 11 ಕೋಟಿ ವರ್ಷದವು. ಡೈನೋಸಾರ್‌ಗಳ ಕೊನೆಗಾಲದಲ್ಲಿ ಈ ಗುಂಪು ಚೆನ್ನಾಗಿ ಬೆಳೆದಿದ್ದದ್ದು ಉತ್ತರ ಅಮೆರಿಕದಲ್ಲಿ.

ಅಲ್ಲಿಂದ ದಕ್ಷಿಣ ಅಮೆರಿಕ. ಬೊಲಿವಿಯಾದ ಟಿಯುಪಾಂಪಾದಲ್ಲಿ ಸುಮಾರು 6.4 ಕೋಟಿ ವರ್ಷ ಹಿಂದಿನ ಪುಕಾಡೆಲ್ಫಿಸ್ ಎಂಬ ಸಣ್ಣ ಪ್ರಾಣಿಯ ಪೂರ್ತಿ ಅಸ್ಥಿಪಂಜರಗಳೇ ಸಿಕ್ಕಿವೆ. ಅಲ್ಲಿಂದ ಅಂಟಾರ್ಕ್ಟಿಕಾ. ಆಗ ಅಲ್ಲಿ ಹಿಮದ ಹೊದಿಕೆ ಇರಲಿಲ್ಲ, ಕಾಡಿತ್ತು. 1982ರಲ್ಲಿ ಅಂಟಾರ್ಕ್ಟಿಕಾ ಪರ್ಯಾಯದ್ವೀಪದ ಪಕ್ಕದ ಸೀಮೋರ್ ದ್ವೀಪದಲ್ಲಿ ಮಾರ್ಸುಪಿಯಲ್ ದವಡೆ, ಹಲ್ಲುಗಳು ಸಿಕ್ಕವು. ಅಲ್ಲಿಯವರೆಗೆ ಊಹೆಯಾಗಿದ್ದ ದಾರಿಗೆ ಪುರಾವೆ ಬಂತು. ಕೊನೆಯ ನಿಲ್ದಾಣ ಆಸ್ಟ್ರೇಲಿಯಾ. ಕ್ವೀನ್ಸ್‌ಲ್ಯಾಂಡಿನ ಮರ್ಗನ್ ಊರಿನ ಹತ್ತಿರ ಸಿಕ್ಕ, ಸುಮಾರು 5.5 ಕೋಟಿ ವರ್ಷ ಹಿಂದಿನ ಜಾರ್ಥಿಯಾ ಅಲ್ಲಿನ ಅತಿ ಹಳೆಯ ಮಾರ್ಸುಪಿಯಲ್. (ಅದೇ ಜಾಗದಲ್ಲಿ ಸಿಕ್ಕ ಒಂದೇ ಒಂದು ಹಲ್ಲು ಜರಾಯು ಸಸ್ತನಿಯದೋ ಅಲ್ಲವೋ ಎಂಬ ಜಗಳ ಮೂವತ್ತು ವರ್ಷದಿಂದ ನಡೆದಿದೆ. ಹಲ್ಲಿನ ತಜ್ಞರ ಜಗಳ ಬೇಗ ಮುಗಿಯುವುದಿಲ್ಲ.) ಆಮೇಲೆ ಅಂಟಾರ್ಕ್ಟಿಕಾದಿಂದ ಆಸ್ಟ್ರೇಲಿಯಾ ಪೂರ್ತಿ ಬೇರೆಯಾಯಿತು, ದಾರಿ ಮುಚ್ಚಿತು.

ಇಷ್ಟೆಲ್ಲ ನಡೆಯುವಾಗ ಭಾರತ ಒಂಟಿ ದ್ವೀಪವಾಗಿ ಉತ್ತರಕ್ಕೆ ಸಾಗುತ್ತಿತ್ತು. ಸುಮಾರು 6.6 ಕೋಟಿ ವರ್ಷಗಳ ಹಿಂದೆ ದಖ್ಖನಿನಲ್ಲಿ ಲಾವಾ ಉಕ್ಕುತ್ತಿದ್ದಾಗಲೂ ಇಲ್ಲಿ ಸಸ್ತನಿಗಳಿದ್ದವು. ತೆಲಂಗಾಣದ ನಸ್ಕಲ್‌ನಲ್ಲಿ ಲಾವಾ ಪದರಗಳ ನಡುವಿನ ಕೆಸರುಕಲ್ಲಿನಲ್ಲಿ ಡೆಕ್ಕನೊಲೆಸ್ಟಿಸ್‌ನ ಪುಟ್ಟ ಹಲ್ಲುಗಳು ಸಿಕ್ಕಿವೆ. ಆದರೆ ಅದು ನಮ್ಮ ಕವಲಿನದು.

ಹಾಗಂತ ಭಾರತದ ಲೆಕ್ಕ ಪೂರ್ತಿ ಸೊನ್ನೆಯೂ ಅಲ್ಲ. ಗುಜರಾತಿನ ವಾಸ್ತಾನ್ ಲಿಗ್ನೈಟ್ ಗಣಿಯಲ್ಲಿ ಸಿಕ್ಕ, ಐದು ಕೋಟಿ ವರ್ಷಕ್ಕೂ ಹಳೆಯ ಕೆಲವು ಹಲ್ಲುಗಳನ್ನು ಮಾರ್ಸುಪಿಯಲ್ ಬಂಧುವಿನದೆಂದು 2005ರಲ್ಲಿ ಗುರುತಿಸಿ ಇಂಡೋಡೆಲ್ಫಿಸ್ ಎಂದು ಹೆಸರಿಟ್ಟಿದ್ದಾರೆ. ಆ ಕಾಲದಲ್ಲಿ ಯುರೋಪಿನಲ್ಲೂ ಇಂಥ ಸಣ್ಣ ಪ್ರಾಣಿಗಳಿದ್ದವು, ಜರ್ಮನಿಯ ಮೆಸ್ಸೆಲ್ ಗಣಿಯಲ್ಲಿ ಅವುಗಳ ಅಸ್ಥಿಪಂಜರಗಳಿವೆ. ಏಷ್ಯಾ, ಯುರೋಪ್, ಆಫ್ರಿಕಾಗಳಲ್ಲಿ ಆ ಸಂತತಿ ಉಳಿಯಲಿಲ್ಲ. ಈಗ ಪೂರ್ವ ದಿಕ್ಕಿನಲ್ಲಿ ಶಿರಸಿಗೆ ಅತಿ ಹತ್ತಿರದ ಮಾರ್ಸುಪಿಯಲ್ ನೋಡಬೇಕೆಂದರೆ ಇಂಡೋನೇಷ್ಯಾದ ಸುಲವೇಸಿ ದ್ವೀಪಕ್ಕೆ ಹೋಗಬೇಕು. ಅಲ್ಲಿ ಮರದ ಮೇಲೆ ವಾಸಿಸುವ ಕಸ್ಕಸ್ ಎಂಬ ಪ್ರಾಣಿ ಇದೆ.

ಪ್ರಶ್ನೆ: ನಾನು ಪಿಯುಸಿ ವಿದ್ಯಾರ್ಥಿನಿ. ಹೊಟ್ಟೆಚೀಲ ಇರುವುದೇ ಮಾರ್ಸುಪಿಯಲ್ ಅಂತ ಬರೆದಿದ್ದೆ, ನಮ್ಮ ಮೇಡಂ ಅರ್ಧ ಅಂಕ ಕಳೆದರು. ಮತ್ತೆ ಯಾವ ಆಧಾರದ ಮೇಲೆ ವರ್ಗೀಕರಣ ಮಾಡುತ್ತಾರೆ?
– ದಾವಣಗೆರೆ

ಉತ್ತರ: ನಿಮ್ಮ ಮೇಡಂ ಮಾಡಿದ್ದು ಸರಿ ಕಣಮ್ಮ. ಆಸ್ಟ್ರೇಲಿಯಾದ ಗೆದ್ದಲುಬಾಕ ನಂಬ್ಯಾಟ್‌ಗೆ ಹೊಟ್ಟೆಚೀಲವೇ ಇಲ್ಲ, ಮರಿಗಳು ಬಯಲಿನಲ್ಲೇ ಮೊಲೆತೊಟ್ಟು ಕಚ್ಚಿಕೊಂಡು ನೇತಾಡುತ್ತವೆ. ದಕ್ಷಿಣ ಅಮೆರಿಕದ ಮಾರ್ಸುಪಿಯಲ್‌ಗಳಾದ ಎಷ್ಟೋ ಒಪಾಸಮ್‌ಗಳದೂ ಇದೇ ಕಥೆ. ಇನ್ನೊಂದು ಕಡೆ ನೀರು ಒಪಾಸಮ್‌ನಲ್ಲಿ ಗಂಡಿಗೂ ಚೀಲ ಇದೆ! ವಿಜ್ಞಾನಿಗಳು ನೋಡುವುದು ಹಲ್ಲು, ದವಡೆ, ಹೆರಿಗೆಯ ರೀತಿ, ಡಿಎನ್‌ಎ. ಉದಾಹರಣೆಗೆ, ನಮಗೆ ಹಾಲುಹಲ್ಲು ಬಹಳಷ್ಟು ಬಿದ್ದು ಹೊಸದು ಬರುತ್ತವಲ್ಲ, ಮಾರ್ಸುಪಿಯಲ್‌ಗಳಲ್ಲಿ ದವಡೆಯ ಪ್ರತಿ ಪಕ್ಕದಲ್ಲೂ ಬದಲಾಗುವುದು ಒಂದೇ ಹಲ್ಲು.

ಈಗ ಬದುಕಿರುವವನ್ನು ಏಳು ಗಣಗಳಾಗಿ ವಿಂಗಡಿಸುತ್ತಾರೆ. ಅಮೆರಿಕದಲ್ಲಿ ಮೂರು: ನೂರಕ್ಕೂ ಹೆಚ್ಚು ಪ್ರಭೇದಗಳ ಒಪಾಸಮ್‌ಗಳು, ಆಂಡಿಸ್ ಪರ್ವತದ ಇಲಿಯಂಥ ಶ್ರೂ ಒಪಾಸಮ್‌ಗಳು, ಮತ್ತು ಮೋನಿಟೊ ಡೆಲ್ ಮಾಂಟೆ. ಆಸ್ಟ್ರೇಲಿಯಾ, ನ್ಯೂಗಿನಿ ಕಡೆ ನಾಲ್ಕು: ಟ್ಯಾಸ್ಮೇನಿಯನ್ ಡೆವಿಲ್, ನಂಬ್ಯಾಟ್‌ಗಳ ಮಾಂಸಾಹಾರಿ ಗುಂಪು, ಬ್ಯಾಂಡಿಕೂಟ್‌ಗಳು (ನಮ್ಮ ಹೆಗ್ಗಣಕ್ಕೂ ಇವಕ್ಕೂ ಸಂಬಂಧವಿಲ್ಲ), ಮರಳು ಕೊರೆಯುವ ಮಾರ್ಸುಪಿಯಲ್ ಮೋಲ್, ಮತ್ತು ಕಾಂಗರೂ, ಕೋಆಲಾ, ವೊಂಬ್ಯಾಟ್, (ಅಮೆರಿಕದ ಒಪಾಸಮ್‌ಗಳಿಂದ ಬೇರೆಯಾದ) ಪಾಸಮ್‌ಗಳ ದೊಡ್ಡ ಗಣ.

ಪರೀಕ್ಷೆಗೆ ಇಷ್ಟು ಸಾಕು. ಆದರೆ ನಿಜವಾದ ಮಜಾ ಇರುವುದು ಇವು ಹೊಂದಿಕೊಳ್ಳದ ಕಡೆ. ಬ್ಯಾಂಡಿಕೂಟ್‌ನ ಹಿಂಗಾಲು ತೆಗೆದುಕೊಳ್ಳಿ. ಎರಡನೇ ಮತ್ತು ಮೂರನೇ ಬೆರಳು ಒಂದೇ ಚರ್ಮದೊಳಗೆ ಅಂಟಿಕೊಂಡು, ತುದಿಯಲ್ಲಿ ಮಾತ್ರ ಎರಡು ಉಗುರು ಪಕ್ಕಪಕ್ಕ ಹೊರಬಂದಿರುತ್ತವೆ. ಅವು ಆ ಜೋಡಿ ಉಗುರಿನಲ್ಲಿ ಮೈ ಬಾಚಿಕೊಳ್ಳುತ್ತವೆ. ಥೇಟ್ ಕಾಂಗರೂ ಪಾದದ್ದೇ ರಚನೆ. ಬಾಯಿ ಬಿಡಿಸಿದರೆ ಕಥೆ ತಿರುಗುತ್ತದೆ: ಕಾಂಗರೂಗೆ ಕೆಳದವಡೆಯಲ್ಲಿ ಮುಂದಕ್ಕೆ ಚಾಚಿದ ಎರಡೇ ದೊಡ್ಡ ಬಾಚಿಹಲ್ಲು, ಬ್ಯಾಂಡಿಕೂಟ್‌ಗೆ ಡೆವಿಲ್‌ನ ಹಾಗೆ ಸಣ್ಣ ಸಣ್ಣವು ಸಾಲಾಗಿ. ಪಾದ ಒಂದು ಕಡೆ ಎಳೆದರೆ ಹಲ್ಲು ಇನ್ನೊಂದು ಕಡೆ. ನೂರು ವರ್ಷಕ್ಕೂ ಹೆಚ್ಚು ಕಾಲ ಪಾದದವರು, ಹಲ್ಲಿನವರು ಎಂದು ಎರಡು ಪಕ್ಷವೇ ಇತ್ತು. ಡಿಎನ್‌ಎ ಬಂದ ಮೇಲೂ ಬ್ಯಾಂಡಿಕೂಟ್‌ಗಳ ಜಾಗ ಪೂರ್ತಿ ಗಟ್ಟಿಯಾಗಿಲ್ಲ.

ಮೋನಿಟೊ ಬಗ್ಗೆ ಇನ್ನೂ ಎರಡು ಮಾತು. ಚಿಲಿ ಮತ್ತು ಅರ್ಜೆಂಟೀನಾದ ತಂಪು ಕಾಡುಗಳಲ್ಲಿ ಬಿದಿರಿನ ಮೆಳೆ ನಡುವೆ ಬದುಕುವ, ನಮ್ಮ ಸುಂಡಿಲಿಗಿಂತ ತುಸು ದೊಡ್ಡ ಜೀವ ಅದು. ಚಳಿಗಾಲಕ್ಕೆ ಬಾಲದ ಬುಡದಲ್ಲಿ ಕೊಬ್ಬು ತುಂಬಿಕೊಂಡು ಮಲಗುತ್ತದೆ. ಹಿಂದೆ ಇದನ್ನು ಒಪಾಸಮ್‌ಗಳ ಜೊತೆಗೇ ಸೇರಿಸಿಬಿಟ್ಟಿದ್ದರು. 1982ರಲ್ಲಿ ಪಳೆಯುಳಿಕೆ ವಿಜ್ಞಾನಿ ಫ್ರೆಡ್ರಿಕ್ ಸಲೈ ಅದರ ಹಿಮ್ಮಡಿಯ ಮೂಳೆಯನ್ನೂ ಅದರ ಮೇಲೆ ಕೂರುವ ಮೂಳೆಯನ್ನೂ ನೋಡಿದರು. ಒಪಾಸಮ್‌ಗಳಲ್ಲಿ ಇವೆರಡು ಎರಡು ಪ್ರತ್ಯೇಕ ಕಡೆ ತಾಗುತ್ತವೆ; ಮೋನಿಟೊದಲ್ಲಿ ಆ ಎರಡೂ ಕಡೆ ಸೇರಿ ಒಂದೇ ಆಗಿದೆ, ಆಸ್ಟ್ರೇಲಿಯಾದವುಗಳ ಹಾಗೆ. ಇದು ಆಸ್ಟ್ರೇಲಿಯಾದ ಕಡೆಯ ನೆಂಟ ಎಂದು ಅವರು ಬರೆದಾಗ ಕಾಲಿನ ಎರಡು ಚೂರು ಮೂಳೆ ನಂಬಿ ಇಷ್ಟು ದೊಡ್ಡ ಮಾತೇ ಎಂದು ಹಲವರು ಮೂಗು ಮುರಿದರು.

ಆಮೇಲೆ ಡಿಎನ್‌ಎ ಅವರ ಪರವಾಗಿ ನಿಂತಿತು. 2010ರ ಒಂದು ಅಧ್ಯಯನದಲ್ಲಿ, ತಮ್ಮ ನಕಲನ್ನು ತಾವೇ ಮಾಡಿ ಜೀನೋಮಿನ (ಜೀವಿಯ ಪೂರ್ತಿ ಡಿಎನ್‌ಎಯ) ಬೇರೆ ಜಾಗಕ್ಕೆ ಹೋಗಿ ಕೂರುವ ಡಿಎನ್‌ಎ ತುಣುಕುಗಳನ್ನು ಹುಡುಕಿದರು. ಓಲೆಗರಿ ಪ್ರತಿಗಳನ್ನು ಪರಿಷ್ಕರಿಸುವವರು ಒಂದೇ ಜಾಗದಲ್ಲಿ ಒಂದೇ ಲಿಪಿದೋಷ ಕಂಡರೆ ಎರಡೂ ಒಂದೇ ಮೂಲಪ್ರತಿಯಿಂದ ಬಂದವು ಎನ್ನುವುದಿಲ್ಲವೇ, ತರ್ಕ ಅದೇ. ಆಸ್ಟ್ರೇಲಿಯಾದ ನಾಲ್ಕೂ ಗಣಗಳು ಒಂದೇ ವಂಶ, ಮೋನಿಟೊ ಅದಕ್ಕೆ ಹತ್ತಿರದ ಅಕ್ಕಪಕ್ಕದ ಕವಲು ಎಂದು ಹೊರಬಂತು. ಅಂದರೆ ಅಂಟಾರ್ಕ್ಟಿಕಾ ದಾಟಿ ಹೋದದ್ದು ಬಹುಶಃ ಒಂದೇ ಸಂತತಿ. ಕಾಂಗರೂವಿನಿಂದ ಮೋಲ್‌ವರೆಗೆ ಎಲ್ಲವೂ ಅದರ ಮಕ್ಕಳುಮರಿಗಳು.

ಪ್ರಶ್ನೆ: ಮಾರ್ಸುಪಿಯಲ್‌ಗಳು ಮೊಟ್ಟೆ ಇಡುವ ಪ್ಲಾಟಿಪಸ್‌ಗೂ ನಮಗೂ ನಡುವಿನ, ಅರ್ಧ ವಿಕಾಸವಾದ ಪ್ರಾಣಿಗಳು ಎನ್ನುವುದು ನಿಜವೇ?
– ನಿವೃತ್ತ ಶಿಕ್ಷಕರು, ಗದಗ

ಉತ್ತರ: ಇಲ್ಲ ಮೇಷ್ಟ್ರೇ. ಇದು 19ನೇ ಶತಮಾನದ ಮೆಟ್ಟಿಲು ಲೆಕ್ಕ. 1880ರಲ್ಲಿ ಇಂಗ್ಲೆಂಡಿನ ಜೀವವಿಜ್ಞಾನಿ ಥಾಮಸ್ ಹಕ್ಸ್ಲಿ ಸಸ್ತನಿಗಳನ್ನು ಮೂರು ಹಂತವಾಗಿ ಜೋಡಿಸಿ ಮಾರ್ಸುಪಿಯಲ್‌ಗಳನ್ನು ನಡುವೆ ಇಟ್ಟರು, ನಮ್ಮ ಪಠ್ಯಗಳಲ್ಲಿ ಅದೇ ಉಳಿದುಬಿಟ್ಟಿತು. ಅವುಗಳಲ್ಲೂ ಜರಾಯು ಇದೆ, ಕೆಲಸ ಮಾಡುವುದು ಸ್ವಲ್ಪ ಕಾಲ ಅಷ್ಟೆ. ಉಳಿದ ಪೋಷಣೆಯ ಭಾರವೆಲ್ಲ ಹಾಲಿನ ಮೇಲೆ. ಕೆಂಪು ಕಾಂಗರೂ 33 ದಿನಕ್ಕೆ ಹೆರುತ್ತದೆ, ಮರಿ ಒಂದು ಗ್ರಾಂ ಕೂಡ ತೂಗುವುದಿಲ್ಲ. ಕಣ್ಣಿಲ್ಲ, ಹಿಂಗಾಲು ಬರೀ ಮೊಳಕೆ. ಆದರೆ ಮುಂಗಾಲು ಮಾತ್ರ ಗಟ್ಟಿ, ಅದರಲ್ಲೇ ತಾಯಿಯ ತುಪ್ಪಳ ಹಿಡಿದು ಚೀಲಕ್ಕೆ ಹತ್ತುತ್ತದೆ. 1629ರಲ್ಲಿ ಪಶ್ಚಿಮ ಆಸ್ಟ್ರೇಲಿಯಾದ ದ್ವೀಪಗಳ ಬಳಿ ಹಡಗು ಒಡೆದ ಡಚ್ ದಳಪತಿ ಪೆಲ್ಸಾರ್ಟ್ ವಾಲಬಿಯ (ಸಣ್ಣ ಜಾತಿಯ ಕಾಂಗರೂವಿನ) ಚೀಲದಲ್ಲಿ ಇಂಥ ಮರಿ ನೋಡಿ, ಅದು ಮೊಲೆತೊಟ್ಟಿನಿಂದಲೇ ಮೊಳೆತು ಬೆಳೆಯುತ್ತದೆ ಎಂದು ಬರೆದಿಟ್ಟಿದ್ದ! ಕಾಂಗರೂ ತಾಯಿ ಹೊರಗೆ ಓಡಾಡುವ ದೊಡ್ಡ ಮರಿಗೆ ಒಂದು ತೊಟ್ಟಿನಿಂದ ಕೊಬ್ಬಿನ ಹಾಲು, ಚೀಲದ ಹಸುಗೂಸಿಗೆ ಪಕ್ಕದ ತೊಟ್ಟಿನಿಂದ ತೆಳು ಹಾಲು ಒಟ್ಟೊಟ್ಟಿಗೆ ಕೊಡಬಲ್ಲಳು. ಗರ್ಭದಲ್ಲಿ ಮೂರನೆಯ ಭ್ರೂಣವನ್ನು ಬೆಳೆಯದಂತೆ ತಡೆದಿಟ್ಟುಕೊಂಡೂ ಇರಬಲ್ಲಳು. ಚೀಲದ ಮರಿ ಸತ್ತರೆ ಆ ಭ್ರೂಣ ಬೆಳೆಯತೊಡಗುತ್ತದೆ. ಬರದ ನಾಡಿಗೆ ಇದು ಹೇಳಿಮಾಡಿಸಿದ ಏರ್ಪಾಡು.

ಇದಕ್ಕೆ ತೆತ್ತ ಬೆಲೆಯೂ ಇದೆ. ಹುಟ್ಟಿದ ಕೂಡಲೇ ಹತ್ತಲು ಮುಂಗಾಲು ಬೇಕೇಬೇಕಾದ್ದರಿಂದ ಅದನ್ನು ರೆಕ್ಕೆಯಾಗಿಯೋ ಈಜುಹುಟ್ಟಾಗಿಯೋ ತಿದ್ದಲು ವಿಕಾಸಕ್ಕೆ ಅವಕಾಶ ಸಿಗಲಿಲ್ಲ ಎಂದು ಹಲವು ಜೀವಶಾಸ್ತ್ರಜ್ಞರ ಅಭಿಪ್ರಾಯ. ತೇಲಿ ಹಾರುವ ಶುಗರ್ ಗ್ಲೈಡರ್ ಇದೆ, ಬಾವಲಿಯಂಥದ್ದಿಲ್ಲ, ತಿಮಿಂಗಿಲದಂಥದ್ದೂ ಇಲ್ಲ. ನಾಯಿಯಂಥದ್ದು ಇತ್ತು: ಟ್ಯಾಸ್ಮೇನಿಯನ್ ಟೈಗರ್. ಕೊನೆಯದು 1936ರ ಸೆಪ್ಟೆಂಬರ್ 7ರಂದು ಹೋಬಾರ್ಟ್ ಮೃಗಾಲಯದಲ್ಲಿ ಸತ್ತಿತು. ಅದರ ತಲೆಬುರುಡೆ ನಾಯಿಯದಕ್ಕೆ ಎಷ್ಟು ಹೋಲುತ್ತದೆಂದರೆ ಪ್ರಾಣಿಶಾಸ್ತ್ರದ ಪ್ರಾಯೋಗಿಕ ಪರೀಕ್ಷೆಯಲ್ಲಿ ವಿದ್ಯಾರ್ಥಿಗಳನ್ನು ಬೀಳಿಸಲು ಇಡುತ್ತಿದ್ದರಂತೆ. ಗುರುತಿಸುವುದು ಸುಲಭ: ಬುರುಡೆ ಮಗುಚಿ ಅಂಗುಳ ನೋಡಿ. ಹಿಂಭಾಗದಲ್ಲಿ ಎರಡು ದೊಡ್ಡ ತೂತುಗಳಿದ್ದರೆ, ಮೇಲ್ದವಡೆಯ ಬಾಚಿಹಲ್ಲು ಆರಿನ ಬದಲು ಎಂಟಿದ್ದರೆ, ಅದು ನಾಯಿಯದಲ್ಲ.