ಗದ್ದೆಗೆ ಹೊಡೆದ ಎಣ್ಣೆ, ಹೊಳೆಯ ಮೀನು

ಪ್ರಶ್ನೆ: ನಮ್ಮದು ಗಂಗಾವತಿ ಹತ್ತಿರದ ಹಳ್ಳಿ. ಸುತ್ತ ಬರೀ ಭತ್ತದ ಗದ್ದೆ. ಎಡದಂಡೆ ಕಾಲುವೆ, ಹಳ್ಳ, ತುಂಗಭದ್ರಾ ಹೊಳೆ, ಎಲ್ಲಿ ಸಿಕ್ಕರೂ ಮೀನು ಹಿಡಿದು ತಿನ್ನುತ್ತೇವೆ. ಗದ್ದೆಗೆ ಹೊಡೆಯುವ ಎಣ್ಣೆಯೆಲ್ಲ, ಅಂದರೆ ಕೀಟನಾಶಕ, ಆ ನೀರಿಗೇ ಸೇರುತ್ತದೆ. ಮಗಳು ಹೆರಿಗೆಗೆ ತವರಿಗೆ ಬಂದಿದ್ದಾಳೆ. ಅವಳಿಗೆ ಈ ಮೀನು ಕೊಡಬಹುದಾ? ಉಪ್ಪು, ಅರಿಶಿನ ಹಾಕಿ ತೊಳೆದರೆ ವಿಷ ಹೋಗುತ್ತದಾ?

ಉತ್ತರ: ಕೊಡಬಹುದು. ಬಸುರಿಗೆ ಮೀನು ಒಳ್ಳೆಯದೇ, ಹೆದರಿ ಪೂರ್ತಿ ಬಿಡಿಸಬೇಡಿ. ಆದರೆ ಯಾವ ಮೀನು, ಎಲ್ಲಿ ಹಿಡಿದದ್ದು ಅಂತ ನೋಡಿ ಕೊಡಿ. ಅರಿಶಿನದ ಮಾತು ಇಲ್ಲೇ ಮುಗಿಸಿಬಿಡೋಣ: ಅದರಿಂದ ಹಸಿ ವಾಸನೆ ಹೋಗುತ್ತದೆ, ಮಾಂಸದೊಳಗೆ ಸೇರಿದ ಕೀಟನಾಶಕ ಹೋಗುವುದಿಲ್ಲ.

ಮೀನು ಚೆನ್ನಾಗಿ ಈಜುತ್ತಿದೆ ಅಂದರೆ ವಿಷ ಇಲ್ಲ ಅಂತ ಜನ ತಿಳಿಯುತ್ತಾರೆ. ಹಾಗೇನಿಲ್ಲ. ಡಿಡಿಟಿ ಅನ್ನುವ ಹಳೆಯ ಕೀಟನಾಶಕವನ್ನೇ ನೋಡಿ. ನಮ್ಮಲ್ಲಿ ಬೇಸಾಯಕ್ಕೆ ಅದನ್ನು 1989ರಲ್ಲೇ ನಿಷೇಧಿಸಿದರು. ಆದರೂ ಅದರ ಅಂಶ ಹೊಳೆಯ ಕೆಸರಲ್ಲಿ ದಶಕಗಟ್ಟಲೆ ಉಳಿಯುತ್ತದೆ. ನೀರಲ್ಲಿ ಕರಗದು, ಕೊಬ್ಬಲ್ಲಿ ಕರಗುತ್ತದೆ. ಕೆಸರಿನ ಹುಳವನ್ನು ಸಣ್ಣ ಮೀನು ತಿನ್ನುತ್ತದೆ, ಅದನ್ನು ದೊಡ್ಡದು ತಿನ್ನುತ್ತದೆ, ಪ್ರತಿ ಸಲವೂ ಸ್ವಲ್ಪ ಸ್ವಲ್ಪ ಕೂಡುತ್ತಾ ಹೋಗುತ್ತದೆ. ಮೀನು ಮಾತ್ರ ಆರಾಮಾಗಿಯೇ ಇರುತ್ತದೆ.

ಈಗ ಅಂಗಡಿಯಲ್ಲಿ ಸಿಗುವ ಸೈಪರ್‌ಮೆಥ್ರಿನ್, ಲ್ಯಾಂಬ್ಡಾ ಸೈಹಲೋಥ್ರಿನ್ ತರಹದವು ಹಾಗಲ್ಲ. ಮೈಯಲ್ಲಿ ವರ್ಷಗಟ್ಟಲೆ ಉಳಿಯುವುದಿಲ್ಲ, ಆದರೆ ಮೀನನ್ನು ಕೊಂದೇ ಬಿಡುತ್ತವೆ. ಲ್ಯಾಂಬ್ಡಾ ಆದರೆ ಲೀಟರ್ ನೀರಿಗೆ ಒಂದು ಮೈಕ್ರೋಗ್ರಾಂ, ಅಂದರೆ ಗ್ರಾಮಿನ ಹತ್ತು ಲಕ್ಷದಲ್ಲಿ ಒಂದು ಪಾಲು, ಅಷ್ಟೂ ಬೇಕಿಲ್ಲ. ಎಣ್ಣೆ ಹೊಡೆದು ಮುಗಿಸಿ ಟ್ಯಾಂಕನ್ನು ಕಾಲುವೆಯಲ್ಲೇ ಅಲ್ಲಾಡಿಸಿ ತೊಳೆಯುತ್ತಾರಲ್ಲ, ಆ ನೊರೆ ನೀರೇ ಸಾಕು. ದಯವಿಟ್ಟು ಅದನ್ನು ಬಿಡಿಸಿ.

ಹಾಗಾಗಿ ಸತ್ತು ತೇಲಿದ ಮೀನು, ನೀರಿನ ಮೇಲೆ ಓಲಾಡುತ್ತಾ ಕೈಗೇ ಸಿಗುವ ಮೀನು, ಇವನ್ನು ಯಾರೂ ತಿನ್ನಬೇಡಿ, ಮಾರಲೂಬೇಡಿ. ಸುಮ್ನೆ ಸಿಕ್ಕಿತು ಅಂತ ಚೀಲ ತುಂಬುವವರನ್ನು ಕಂಡರೆ ನನಗೆ ಸಿಟ್ಟೇ ಬರುತ್ತದೆ. ಬೇಸಿಗೆಯಲ್ಲಿ ಹಳ್ಳದ ಗುಂಡಿಗೆ ಬೇಕೆಂದೇ ವಿಷ ಹಾಕಿ ಮೀನು ಹಿಡಿಯುವವರೂ ಇದ್ದಾರೆ. 1897ರ ಮೀನುಗಾರಿಕೆ ಕಾಯ್ದೆಯಲ್ಲೇ ಅದು ಅಪರಾಧ.

ಇನ್ನು ಅಡುಗೆ ಮನೆಗೆ ಬರೋಣ. ಮಗಳಿಗೆ ಒಂದು ಕೆಜಿ ಆಸುಪಾಸಿನ ರೋಹು, ಕಾಟ್ಲಾ ಆರಿಸಿ. ಬಾಳೆ ಮೀನು, ಕೊರವ ರುಚಿ ಜಾಸ್ತಿ, ಒಪ್ಪಿದೆ. ಆದರೆ ಅವು ಬೇರೆ ಮೀನು ತಿಂದು ಬೆಳೆಯುವಂಥವು. ಅವುಗಳಲ್ಲಿ ಹಳೆಯ, ಭಾರಿ ಗಾತ್ರದ್ದು ಬೇಡ. ಹೊಟ್ಟೆ ಸೀಳಿದಾಗ ಕರುಳಿಗೆ ಅಂಟಿಕೊಂಡ ಹಳದಿ ಕೊಬ್ಬು ಕಾಣುತ್ತದೆ, ಅದನ್ನು ಪೂರ್ತಿ ಕಿತ್ತು ಬಿಸಾಡಿ. ಚರ್ಮ ಸುಲಿದರೆ ಪಕ್ಕೆಯ ಉದ್ದಕ್ಕೂ ಕಂದು ಬಣ್ಣದ ಪಟ್ಟಿ ಇರುತ್ತದೆ, ಅದನ್ನೂ ಕೆತ್ತಿ ತೆಗೆಯಿರಿ. ಕರುಳು, ತಲೆ ಅವಳಿಗೆ ಬೇಡ. ಡಿಡಿಟಿಯಂಥದ್ದು ಕೂತಿರುವುದು ಹೆಚ್ಚಾಗಿ ಕೊಬ್ಬಿರುವ ಈ ಜಾಗಗಳಲ್ಲೇ. ಸಣ್ಣ ಮೀನಾದರೆ ಹೊಟ್ಟೆ ಹಿಂಡಿ ತೆಗೆಯದೆ ಹಾಕಬೇಡಿ. ಬೇಯಿಸಿದರೆ ಡಿಡಿಟಿ ಸಾಯುವುದಿಲ್ಲ, ಬಿಸಿಗೆ ಕೊಬ್ಬು ಕರಗಿ ಇಳಿಯುತ್ತದೆ ಅಷ್ಟೇ. ಕೆಂಡದ ಮೇಲೆ ಸುಟ್ಟರೆ ತೊಟ್ಟಿಕ್ಕಿ ಹೋಗುತ್ತದೆ, ಸಾರು ಮಾಡಿದರೆ ಎಲ್ಲವೂ ಸಾರಲ್ಲೇ ಉಳಿಯುತ್ತದೆ. ಸಾರೇ ಬೇಕು ಅಂದರೆ ಕೊಬ್ಬು ತೆಗೆಯುವುದನ್ನು ಮಾತ್ರ ಮರೆಯಬೇಡಿ.

ಗದ್ದೆಯ ಬಸಿ ನೀರು ಬೀಳುವ ಹಳ್ಳದ ಬಾಯಲ್ಲಿ ಬಲೆ ಹಾಕಬೇಡಿ. ಸುತ್ತ ಎಣ್ಣೆ ಹೊಡೆಯುತ್ತಿರುವ ದಿನಗಳಲ್ಲಿ, ಅದರ ಹಿಂದೆಯೇ ಜೋರು ಮಳೆ ಬಂದಾಗ, ಕಾಲುವೆ ಮೀನು ಬಿಟ್ಟುಬಿಡಿ. ಒಮ್ಮೆಲೇ ರಾಶಿ ಮೀನು ಸತ್ತರೆ ನಾಲ್ಕೈದನ್ನು ಐಸಲ್ಲಿಟ್ಟು, ಅದೇ ಜಾಗದ ಒಂದು ಬಾಟಲಿ ನೀರಿನ ಜೊತೆ ತಾಲ್ಲೂಕಿನ ಮೀನುಗಾರಿಕೆ ಇಲಾಖೆ ಕಚೇರಿಗೆ ಅವತ್ತೇ ಮುಟ್ಟಿಸಿ. ತಡವಾದಷ್ಟೂ ಪರೀಕ್ಷೆಯಲ್ಲಿ ಏನೂ ಸಿಗುವುದಿಲ್ಲ.