ಮಾಮಿಯಾ 7, 150 ಎಂಎಂ: ಕಣ್ಣು ಮಸುಕು, ಕಿವಿ ಶಾರ್ಪ್

ನಿಮ್ಮ ಮಾಮಿಯಾ 7 ಫಿಲ್ಮ್ ಕ್ಯಾಮೆರಾದ ರೇಂಜ್‌ಫೈಂಡರ್ (ಎರಡು ಬಿಂಬ ಒಂದಾಗಿಸಿ ಫೋಕಸ್ ಹಿಡಿಯುವ ವ್ಯವಸ್ಥೆ) ಹೊಂದಾಣಿಕೆ ಬಹುಶಃ ಸ್ವಲ್ಪ ಜಾರಿದೆ. 80 ಎಂಎಂ ಲೆನ್ಸ್‌ನಲ್ಲಿ ಎಲ್ಲ ಸರಿ, 150 ಎಂಎಂನಲ್ಲಿ ಮುಖ ತೆಗೆದಾಗ ಮಾತ್ರ ಕಣ್ಣಿನ ಬದಲು ಕಿವಿ ಶಾರ್ಪ್ ಅಂದಿದ್ದೀರಿ. ಅಷ್ಟಕ್ಕೇ ಬಾಡಿ ಸರಿಯಿದೆ ಅಂದುಕೊಳ್ಳಬೇಡಿ. 2 ಮೀಟರ್ ದೂರದಲ್ಲಿ, ಅಪರ್ಚರ್ (ಲೆನ್ಸ್‌ನ ಬೆಳಕಿನ ಕಿಂಡಿ) ಪೂರ್ತಿ ತೆರೆದಾಗ, 80ಕ್ಕೆ ಸುಮಾರು 25 ಸೆಂ.ಮೀ. ಆಳದಷ್ಟು ಜಾಗ ಶಾರ್ಪ್ ಆಗಿ ಸಿಗುತ್ತದೆ, ಸಣ್ಣ ತಪ್ಪು ಅದರಲ್ಲೇ ಮುಚ್ಚಿಹೋಗುತ್ತದೆ. 150ಕ್ಕೆ ಬರೀ 8.

ಮೊದಲು 150ನ್ನು ಇನ್ಫಿನಿಟಿಗೆ (ಅತಿ ದೂರದ ಫೋಕಸ್‌ಗೆ) ತಿರುಗಿಸಿ ಚಂದ್ರನನ್ನೋ ದೂರದ ಟವರನ್ನೋ ನೋಡಿ. ಎರಡು ಬಿಂಬ ಒಂದಾಗದಿದ್ದರೆ ಅಲ್ಲೇ ಉತ್ತರ ಸಿಕ್ಕಿತು. ಒಂದಾದರೂ ಹತ್ತಿರದಲ್ಲಿ ತಪ್ಪಿರಬಹುದು.

ಆಮೇಲೆ ಟ್ರೈಪಾಡ್ ಹಾಕಿ. 2 ಮೀಟರ್ ದೂರದಲ್ಲಿ ಸ್ಕೇಲನ್ನು ಓರೆಯಾಗಿಟ್ಟು, ನಡುವಿನ ಒಂದು ಗೆರೆಗೆ ಫೋಕಸ್ ಮಾಡಿ, ಎಫ್/4.5ರಲ್ಲಿ (150ರ ಪೂರ್ತಿ ತೆರೆದ ಅಪರ್ಚರ್) ನಾಲ್ಕು ಫ್ರೇಮ್ ತೆಗೆಯಿರಿ. ಪ್ರತಿ ಸಲ ಫೋಕಸ್ ಕೆಡಿಸಿ ಹೊಸದಾಗಿ ಹಿಡಿಯಿರಿ. ನೆಗೆಟಿವನ್ನೇ ಲೂಪ್ (ಭೂತಗನ್ನಡಿ) ಇಟ್ಟು ನೋಡಿ, ಸ್ಕ್ಯಾನ್ ನಂಬಬೇಡಿ. ನಾಲ್ಕು ಫ್ರೇಮ್‌ನಲ್ಲೂ ಫೋಕಸ್ ಆ ಗೆರೆಯ ಹಿಂದಕ್ಕೇ ಬಿದ್ದಿದ್ದರೆ ಹೊಂದಾಣಿಕೆಯದೇ ತಪ್ಪು. ಹಿಂದೆ ಮುಂದೆ ಚೆದುರಿದ್ದರೆ ಫೋಕಸ್ ಹಿಡಿಯುವುದರಲ್ಲೇ ಎಡವಟ್ಟು. ಆಗ ಕ್ಯಾಮೆರಾ ಬಿಚ್ಚಿಸುವುದು ಸುಮ್ನೆ ಖರ್ಚು.

ಉಳಿದ ಫ್ರೇಮ್‌ಗಳಲ್ಲಿ 80ನ್ನು 1 ಮೀಟರ್‌ಗೆ, ಎಫ್/4ರಲ್ಲಿ ಇದೇ ರೀತಿ ನೋಡಿ. ಅದೂ ಹಿಂದಕ್ಕೇ ಬಿದ್ದರೆ ಬಾಡಿ ಮೇಲೆ ಅನುಮಾನ, ಇಲ್ಲದಿದ್ದರೆ 150ರ ಮೇಲೆ. ಖಚಿತವಾಗಿ ಹೇಳಲಾಗದು. ಅದಕ್ಕೇ ರಿಪೇರಿಗೆ ಕೊಡುವಾಗ ಬಾಡಿ, ಎರಡೂ ಲೆನ್ಸ್, ಈ ನೆಗೆಟಿವ್ ಎಲ್ಲ ಒಟ್ಟಿಗೆ ಕೊಡಿ.

ಅಂದ ಹಾಗೆ, ವ್ಯೂಫೈಂಡರ್ ನಡುವಿನ, ಬಿಂಬ ಒಂದಾಗುವ ಪ್ಯಾಚ್‌ನಲ್ಲಿ ಕಣ್ಣಿಗೆ ಫೋಕಸ್ ಮಾಡಿ ಆಮೇಲೆ ಫ್ರೇಮ್ ಸರಿಸುತ್ತೀರಿ ಅಲ್ವಾ? ಅದರಿಂದಲೂ ಫೋಕಸ್ ಒಂದೆರಡು ಸೆಂ.ಮೀ. ಹಿಂದಕ್ಕೆ ಹೋಗುತ್ತದೆ. ಸದ್ಯಕ್ಕೆ 150ರಲ್ಲಿ ಕಿಂಡಿ ಕಿರಿದು ಮಾಡಿ ಎಫ್/8ರಲ್ಲಿ ತೆಗೆಯಿರಿ, 2 ಮೀಟರ್‌ನಲ್ಲಿ ಸುಮಾರು 14 ಸೆಂ.ಮೀ. ಆಳ ಸಿಗುತ್ತದೆ.